ಕಿರ್ದಿ ತೋರಿಸುವ ಗುರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ಮಳೆಗೆ ಬರ ಬರಬಹುದು, ಗುರುಗಳಿಗೆ ಬರ ಬಂದಿದ್ದಿಲ್ಲ. ಮಠಕ್ಕೊಬ್ಬ ಸ್ವಾಮಿಗಳು ಇದ್ದೇ ಇದ್ದಾರೆ. ಬಯಲಾಟ ಕಲಿಸೋಕೆ ಒಬ್ಬ ಮಾಸ್ತರು, ಕುಸ್ತಿಗೆ ಒಬ್ಬ ಉಸ್ತಾದ, ಬೋರ್‌ವೆಲ್ ಎಲ್ಲಿ ಹಾಕಿಸಬೇಕು ಅಂತ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತೋಕೆ ಇನ್ನೊಬ್ಬರು. ನಾಲ್ಕೈದು ವರ್ಷಗಳಿಂದ ಈ ಪಟ್ಟಿಗೆ ಹೊಸ ಗುರು ಸೇರಿದ್ದಾನೆ. ಅವನ ಮಠ ಟೆಲಿಗ್ರಾಮ್‌ನಲ್ಲಿದೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಬಾಗಿಲು ತೆಗೆಯುತ್ತೆ, ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತೆ. ಪ್ರಸಾದದ ಹೆಸರು ಟಿಪ್ಸ್.

2025ರ ದೀಪಾವಳಿ ಕಳೆದ ಮೇಲೆ ಹಗರಿಬೊಮ್ಮನಹಳ್ಳಿ ಕಡೆಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಇಪ್ಪತ್ನಾಲ್ಕು ವರ್ಷ, ಬಿ.ಕಾಂ. ಆಗಿದೆ, ಹೊಲ ನೋಡ್ಕೋತಾನೆ.

“ಅಣ್ಣ, ಆಪ್ಷನ್ಸ್ ಕಲೀಬೇಕು. ನೀನು ಬೆಂಗ್ಳೂರಾಗ ಅದೀಯ, ಒಬ್ಬ ಮೆಂಟರ್ ಹುಡುಕಿ ಕೊಡು. ಇಲ್ಲಾಂದ್ರ ಇಲ್ಲೊಬ್ರು ಸರ್ ಅದಾರ. ಇಪ್ಪತ್ತೈದು ಸಾವಿರ ಕೊಟ್ರ ಮೂರು ತಿಂಗಳು ಕೈ ಹಿಡಿದು ಕಲಿಸ್ತಾರಂತ.”

“ಬಂಡವಾಳ ಎಲ್ಲಿಂದಲೋ?”

“ಒಂದೂವರೆ ಲಕ್ಷ ಐತಿ. ಶೇಂಗಾದ ರೊಕ್ಕ ಸ್ವಲ್ಪ, ಅವ್ವನ ಸರ ಬ್ಯಾಂಕಿನಾಗ ಇಟ್ಟಿದ್ದು ಸ್ವಲ್ಪ.”

ಅವನನ್ನು ಬೈಯೋದು ಸುಲಭ ಇತ್ತು. ಆದರೆ ಆ ವರ್ಷ ನಮ್ಮ ಕಡೆ ಏನಾಗಿತ್ತು ಅಂತ ನೋಡಿದವರಿಗೆ ಬೈಯೋಕೆ ಬಾಯಿ ಬರಲ್ಲ. ಮೆಕ್ಕೆಜೋಳಕ್ಕೆ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಐನೂರಕ್ಕೂ ಹೆಚ್ಚು ಕಡಿಮೆಗೆ ಕೇಳುತ್ತಿದ್ದರು. ಖರೀದಿ ಕೇಂದ್ರ ತೆಗೀರಿ ಅಂತ ರೈತರು ರಸ್ತೆಗೆ ಇಳಿದಿದ್ದರು. ನಾಲ್ಕು ತಿಂಗಳು ಹೊಲದಲ್ಲಿ ಮೈ ಮುರಿದು ದುಡಿದವನಿಗೆ ಸಿಗದ ದುಡ್ಡು, ಮೊಬೈಲ್ ಪರದೆ ಮೇಲೆ ನಾಲ್ಕು ನಿಮಿಷಕ್ಕೆ ಹಸಿರು ಬಣ್ಣದಲ್ಲಿ ಮಿಂಚಿದರೆ ಯಾರಿಗೆ ಆಸೆ ಆಗಲ್ಲ ಹೇಳಿ.

ಅದೂ ಅಲ್ಲದೆ ನಾನೇ ಐದು ವರ್ಷದಿಂದ ಆಪ್ಷನ್ಸ್ ಮಾಡ್ತಿದ್ದೇನೆ. ಅದು ಅವನಿಗೆ ಗೊತ್ತು. “ಬ್ಯಾಡ ಬಿಡಪ” ಅಂದ ತಕ್ಷಣ ಅವನು ಏನಂತಾನೆ ಅಂತ ನನಗೂ ಗೊತ್ತಿತ್ತು. ಅಂದೇ ಬಿಟ್ಟ: “ನೀನು ಮ್ಯಾಗ ಹತ್ತಿ ಏಣಿ ಎಳ್ಕೋಬ್ಯಾಡ ಅಣ್ಣ.”

ಈ ಮಾತಿಗೆ ಒಂದು ಪ್ರಾಮಾಣಿಕ ಉತ್ತರ ಕೊಡಬೇಕಿತ್ತು. ಅದಕ್ಕಾಗಿ ನನಗೆ ಗುರು ಸಿಕ್ಕಿದ್ದು ಹೇಗೆ, ಅವರು ಕಲಿಸಿದ್ದೇನು ಅಂತ ಮೊದಲು ನನಗೆ ನಾನೇ ಹೇಳಿಕೊಳ್ಳಬೇಕಾಯ್ತು.

ನನಗೆ ಸಿಕ್ಕಿದ್ದು ಆಫೀಸಿನ ಒಬ್ಬ ಹಿರಿಯರು. ಮೈಸೂರು ಕಡೆಯವರು, ಡೇಟಾಬೇಸ್ ಟೀಮ್. ಲಾಕ್‌ಡೌನ್ ಸಮಯದಲ್ಲಿ ಎಲ್ಲರ ಹಾಗೆ ನಾನೂ ಡಿಮ್ಯಾಟ್ ಖಾತೆ ತೆಗೆದಿದ್ದೆ. ಆಪ್ಷನ್ಸ್ ಬಗ್ಗೆ ಕೇಳಿದಾಗ ಅವರು ಯಾವ ಸ್ಟ್ರೈಕ್, ಯಾವ ಇಂಡಿಕೇಟರ್ ಅಂತ ಏನೂ ಹೇಳಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಒಂದು ಎಕ್ಸೆಲ್ ಶೀಟ್ ತೋರಿಸಿದರು. ಅವರು ಮಾಡಿದ ಪ್ರತಿ ಟ್ರೇಡೂ ಅದರಲ್ಲಿತ್ತು. ತಾರೀಖು, ಯಾಕೆ ತಗೊಂಡೆ, ತಪ್ಪಾದರೆ ಎಷ್ಟು ಹೋಗುತ್ತೆ, ಕೊನೆಗೆ ಎಷ್ಟು ಬಂತು ಅಥವಾ ಹೋಯ್ತು, ಖರ್ಚು ಎಷ್ಟು. ಕೆಂಪು ಸಾಲುಗಳೇ ಜಾಸ್ತಿ ಇದ್ದವು. ಒಂದು ದಿನದ ಸಾಲಲ್ಲಿ ಅವರ ಎರಡು ತಿಂಗಳ ಮನೆ ಬಾಡಿಗೆಯಷ್ಟು ಹೋಗಿತ್ತು. ಅದನ್ನೇ ಬೆರಳಿಟ್ಟು ತೋರಿಸಿ, “ಇದನ್ನ ಮೊದಲು ಓದಿ. ಗೆದ್ದಿದ್ದನ್ನ ಆಮೇಲೆ ನೋಡೋಣ” ಅಂದರು.

ನಮ್ಮಪ್ಪ ಶೇಂಗಾ ಮಾರುತ್ತಿದ್ದ ಕೊಟ್ಟೂರಿನ ದಲ್ಲಾಳಿ ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಇರುತ್ತಿತ್ತು. ಕಿರ್ದಿ. ದಿನದ ಜಮಾ, ದಿನದ ಖರ್ಚು, ಸಂಜೆ ಮೊಕ್ತಾ ಹೊಂದಿಸದೆ ಅಂಗಡಿ ಮುಚ್ಚೋ ಹಾಗಿಲ್ಲ. ಆ ಎಕ್ಸೆಲ್ ಶೀಟ್ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಇವರ ಹತ್ತಿರ ಕಿರ್ದಿ ಇದೆ.

ಮೂರು ತಿಂಗಳು ಅವರು ನನಗೆ ದುಡ್ಡು ಹಾಕೋಕೆ ಬಿಡಲಿಲ್ಲ. ಕಾಗದದ ಮೇಲೆ ಟ್ರೇಡ್ ಬರೆಯಬೇಕು, ಶನಿವಾರ ಅವರಿಗೆ ಕಳಿಸಬೇಕು. ಅವರು ಮಾಡುತ್ತಿದ್ದದ್ದು ನಮ್ಮ ಕೋಡ್ ರಿವ್ಯೂ ಥರದ್ದೇ ಕೆಲಸ. ಸೀನಿಯರ್ ಆದವನು ನಿನ್ನ ಕೋಡ್ ಬರೆದುಕೊಡಲ್ಲ. ನೀನು ಬರೆದದ್ದನ್ನ ಓದಿ “ಈ ಲೂಪ್ ಯಾವಾಗ ನಿಲ್ಲುತ್ತೆ?” ಅಂತ ಕೇಳ್ತಾನೆ. ಇವರೂ ಅದನ್ನೇ ಕೇಳುತ್ತಿದ್ದರು: “ಇದರಿಂದ ಯಾವಾಗ ಹೊರಗೆ ಬರ್ತೀರಿ?” ಉತ್ತರ ಇಲ್ಲದ ಸಾಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬೇರೆ ಬೋಧನೆ ಇಲ್ಲ. ಒಂದು ರೂಪಾಯಿ ಫೀಸೂ ಇಲ್ಲ. ತಿಂಗಳಿಗೊಮ್ಮೆ ಮಸಾಲೆ ದೋಸೆ ಬಿಲ್ ನಾನು ಕೊಡ್ತಿದ್ದೆ, ಅಷ್ಟೇ.

ಅವರು ಆಪ್ಷನ್ಸ್ ಬಳಸುತ್ತಿದ್ದದ್ದೂ ಹೆಚ್ಚಾಗಿ ತಮ್ಮ ಷೇರುಗಳಿಗೆ ವಿಮೆಯ ಹಾಗೆ. ಮಾರುಕಟ್ಟೆ ಬೀಳಬಹುದು ಅನ್ನಿಸಿದಾಗ ಪುಟ್ ಕೊಂಡು ಇಟ್ಟುಕೊಳ್ಳೋದು. ಬೀಳದಿದ್ದರೆ ಪ್ರೀಮಿಯಂ ಹೋಯ್ತು, ಬೈಕಿನ ಇನ್ಶೂರೆನ್ಸ್ ಹೋದ ಹಾಗೆ. ದಿನಾ ದುಡ್ಡು ಎಣಿಸೋ ಯಂತ್ರ ಅಂತ ಅವರು ಅದನ್ನ ಯಾವತ್ತೂ ಕರೆದವರಲ್ಲ. ನನ್ನ ಇಷ್ಟು ವರ್ಷದ ಲೆಕ್ಕ ಕೂಡಿದರೂ, ಖರ್ಚು ಕಳೆದು ಉಳಿದದ್ದು ಅದೇ ದುಡ್ಡನ್ನ ಬ್ಯಾಂಕಿನ ಎಫ್‌ಡಿಯಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯ ಆಸುಪಾಸು. ತಮ್ಮನಿಗೆ ಇದನ್ನ ಹೇಳಿದಾಗ ಅವನು ನಂಬಲಿಲ್ಲ. ಅಣ್ಣ ಗಂಟು ಬಚ್ಚಿಟ್ಟು ಮಾತಾಡ್ತಿದ್ದಾನೆ ಅಂತ ಅಂದುಕೊಂಡ.

ನಂಬದಿದ್ದರೆ ಅಂಕಿಗಳಿವೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದರು. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಎಲ್ಲರದ್ದೂ ಸೇರಿ 1.8 ಲಕ್ಷ ಕೋಟಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಮುಂದಿನ ವರ್ಷ, 2024-25ರಲ್ಲಿ ಮತ್ತೆ ಶೇ 91 ಮಂದಿಗೆ ನಷ್ಟ.

ಅದೇ ಅಧ್ಯಯನದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಸಾಲುಗಳ ಮೇಲೆ. 2023-24ರಲ್ಲಿ ಈ ವ್ಯವಹಾರ ಮಾಡಿದವರಲ್ಲಿ ಶೇ 72ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು. ಶೇ 43 ಮಂದಿ ಮೂವತ್ತು ವರ್ಷದ ಒಳಗಿನವರು. ನಾಲ್ವರಲ್ಲಿ ಮೂವರು ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯ ಹೇಳಿಕೊಂಡವರು. ಅಂದರೆ ಹೆಚ್ಚುಕಮ್ಮಿ ನನ್ನ ತಮ್ಮನೇ. ಮತ್ತೆ ಆ ದುಡ್ಡು ಎಲ್ಲಿಗೆ ಹೋಯ್ತು? ಅದೇ ವರ್ಷ ಸ್ವಂತ ಬಂಡವಾಳದ ಟ್ರೇಡಿಂಗ್ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ಲಾಭ ಮಾಡಿದವು. ಆ ಲಾಭದಲ್ಲಿ ಶೇ 96-97ರಷ್ಟು ಅಲ್ಗೊರಿದಮ್‌ಗಳಿಂದ ಬಂದದ್ದು. ಸಾಫ್ಟ್‌ವೇರ್‌ನವನಾಗಿ ನನಗೆ ಆ ಸಾಲಿನ ಅರ್ಥ ಗೊತ್ತು. ಸರ್ವರ್ ಒಂದು ಮೈಕ್ರೊಸೆಕೆಂಡ್ ತಡ ಮಾಡಿದರೆ ಮೀಟಿಂಗ್ ಕರೆಯುವ ಟೀಮುಗಳು ಅವು. ಹಗರಿಬೊಮ್ಮನಹಳ್ಳಿಯ ಹೊಲದ ಬದುವಿನ ಮೇಲೆ ಎರಡು ಗೆರೆ ನೆಟ್‌ವರ್ಕ್ ಹಿಡಿದು ಕೂತವನ ಎದುರಾಳಿ ಇವರು. ಟೆಲಿಗ್ರಾಮ್ ಸರ್ ಇದನ್ನ ಹೇಳಲ್ಲ.

ಆ ಸರ್ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನ ತಮ್ಮ ನನಗೆ ಕಳಿಸಿದ. ಎಲ್ಲವೂ ಹಸಿರು. ಒಂದೇ ಒಂದು ಕೆಂಪು ಇಲ್ಲ. ಹೊಲ ಮಾಡುವವನಿಗೆ ಇದು ಅನುಮಾನ ಹುಟ್ಟಿಸಬೇಕು. ಹತ್ತು ವರ್ಷ ಸತತ ಒಳ್ಳೆ ಬೆಳೆ ಬಂದಿದೆ ಅಂತ ನಮ್ಮ ಊರಲ್ಲಿ ಯಾರಾದರೂ ಅಂದರೆ, ಜನ ಅವನ ಹೊಲ ಎಲ್ಲಿದೆ ಅಂತ ಹುಡುಕಿಕೊಂಡು ಹೋಗ್ತಾರೆ.

“ಬಾಪ್ ಆಫ್ ಚಾರ್ಟ್” ಅನ್ನೋ ಹೆಸರಲ್ಲಿ ಪಾಠ, ಸಲಹೆ ಮಾರುತ್ತಿದ್ದ ನಸೀರುದ್ದೀನ್ ಅನ್ಸಾರಿ ವಿರುದ್ಧ ಸೆಬಿ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿ, ನೋಂದಣಿ ಇಲ್ಲದೆ ಸಲಹೆ ಕೊಟ್ಟು ಸಂಗ್ರಹಿಸಿದ್ದು ಅಂತ 17.2 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತು. ಅದೇ ಆದೇಶದಲ್ಲಿ ಇನ್ನೊಂದು ಅಂಕಿ ಇತ್ತು. 2021ರ ಜನವರಿಯಿಂದ 2023ರ ಜುಲೈವರೆಗೆ ಅವರ ಸ್ವಂತ ಟ್ರೇಡಿಂಗ್ ಲೆಕ್ಕದಲ್ಲಿ 2.89 ಕೋಟಿ ನಷ್ಟ. ಅಂಗಡಿಯಲ್ಲಿ ಲಾಭ, ಹೊಲದಲ್ಲಿ ನಷ್ಟ. ಕಿರ್ದಿ ತೋರಿಸಿ ಅಂತ ಮೊದಲೇ ಕೇಳಿದ್ದರೆ ಗೊತ್ತಾಗುತ್ತಿದ್ದ ಸಂಗತಿ ಇದು.

ಟಿಪ್ಸ್ ಅಂದ ಕೂಡಲೇ ನನಗೆ ಮೈಲಾರದ ಕಾರ್ಣಿಕ ನೆನಪಾಗುತ್ತೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ, ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರ್ತಾರೆ. ಗೊರವಯ್ಯ ಬಿಲ್ಲು ಏರಿ “ಸದ್ದಲೇ” ಅನ್ನುತ್ತಾರೆ. ಅಷ್ಟೂ ಜನ ಉಸಿರು ಬಿಗಿ ಹಿಡೀತಾರೆ. ಒಂದೇ ಒಂದು ಸಾಲು. ಅದನ್ನ ಕೇಳಿದ ರೈತ ಮಳೆ-ಬೆಳೆ ಅಂತ ಅರ್ಥ ಮಾಡ್ತಾನೆ, ರಾಜಕಾರಣಿ ಕುರ್ಚಿ ಅಂತ ಅರ್ಥ ಮಾಡ್ತಾನೆ, ವ್ಯಾಪಾರಿ ಧಾರಣಿ ಅಂತ ಅರ್ಥ ಮಾಡ್ತಾನೆ. ವರ್ಷ ಕಳೆದ ಮೇಲೆ ಎಲ್ಲರ ಅರ್ಥವೂ ಸರಿಯಾಗಿರುತ್ತೆ. ನಾನೂ ಕೈಮುಗಿದು ಕೇಳಿಸಿಕೊಂಡವನೇ. ಆದರೆ ಕಾರ್ಣಿಕ ಕೇಳಿ ಬಂದ ನಮ್ಮಜ್ಜ ಮರುದಿನ ಬೀಜದ ಚೀಲ ಪೂರ್ತಿ ಬಿತ್ತಿದವರಲ್ಲ. ಅರ್ಧ ಸಜ್ಜೆ, ಅರ್ಧ ಶೇಂಗಾ, ಮನೆಯಲ್ಲಿ ಎರಡು ಚೀಲ ಜೋಳ ಎತ್ತಿಟ್ಟು ಆಮೇಲೆ ಮಳೆ ದಾರಿ ಕಾಯುತ್ತಿದ್ದರು. ನಂಬಿಕೆ ಬೇರೆ, ಬೀಜದ ಲೆಕ್ಕ ಬೇರೆ ಅಂತ ಅವರಿಗೆ ಗೊತ್ತಿತ್ತು. ಮತ್ತೆ ಗೊರವಯ್ಯ ತಿಂಗಳಿಗೆ ಇಷ್ಟು ಅಂತ ಚಂದಾ ಕೇಳಿದ್ದನ್ನೂ ನಾನು ಕಂಡಿಲ್ಲ.

ನನ್ನ ಹಿರಿಯರು ಅಷ್ಟೊತ್ತಿಗೆ ಕೆಲಸ ಬಿಟ್ಟು ಮಗಳ ಹತ್ತಿರ ಹೋಗಿದ್ದರು. ತಮ್ಮನಿಗೆ ಅವರನ್ನ ಜೋಡಿಸೋ ದಾರಿ ಇರಲಿಲ್ಲ. ನಾನೇ ಕಲಿಸೋಣ ಅಂದರೆ ಅಣ್ಣನ ಮಾತು ತಮ್ಮನ ಕಿವಿಗೆ ಹೋಗಲ್ಲ, ಅದೂ ಏಣಿಯ ಅನುಮಾನ ಬಂದ ಮೇಲೆ. ಆಗ ಕೊಟ್ಟೂರಿನ ದಲ್ಲಾಳಿ ಅಂಗಡಿಯ ಸಾವ್ಕಾರ್ರ ನೆನಪಾಯ್ತು. ಎಪ್ಪತ್ತು ದಾಟಿದೆ. ಈಗ ಅಂಗಡಿ ಮಗ ನೋಡ್ಕೋತಾರೆ, ಇವರು ಗಾದಿ ಮೇಲೆ ಕೂತು ಬಂದವರಿಗೆ ಚಾ ಹೇಳ್ತಾರೆ. ಆಪ್ಷನ್ಸ್ ಅನ್ನೋ ಪದ ಅವರಿಗೆ ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ತಮ್ಮನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದೆ.

ನಾನು ವಿವರಿಸಿದೆ. ಇಂಥ ದಿನದೊಳಗೆ, ಇಂಥ ಬೆಲೆಗೆ ಕೊಳ್ಳುವ ಹಕ್ಕು. ಅದಕ್ಕೆ ಮುಂಗಡ ಒಂದಿಷ್ಟು ದುಡ್ಡು. ಬೇಕಾದರೆ ಹಕ್ಕು ಚಲಾಯಿಸಬಹುದು, ಬೇಡದಿದ್ದರೆ ಮುಂಗಡ ಹೋಗುತ್ತೆ.

ಸಾವ್ಕಾರ್ರು ನಕ್ಕರು. “ಇದೇನಪಾ ಹೊಸಾದು? ತೇಜಿ-ಮಂದಿ ಅಲ್ಲೇನು?”

ನನಗೇ ಮೈ ಜುಮ್ ಅಂತು. ಮುಂಬೈನ ಹತ್ತಿ ಬಜಾರಿನಲ್ಲಿ ತೇಜಿ-ಮಂದಿ ಅಂತ ನಡೆಯುತ್ತಿದ್ದ ಸೌದೆ ಇದೇ. ಬೆಲೆ ಏರುತ್ತೆ ಅನ್ನುವವನಿಗೆ ತೇಜಿ, ಇಳಿಯುತ್ತೆ ಅನ್ನುವವನಿಗೆ ಮಂದಿ. ಇವತ್ತಿನ ಕಾಲ್ ಮತ್ತು ಪುಟ್. 1952ರ ಕಾಯ್ದೆ ಸರಕುಗಳಲ್ಲಿ, 1956ರ ಕಾಯ್ದೆ ಷೇರುಗಳಲ್ಲಿ ಈ ಥರದ ವ್ಯವಹಾರವನ್ನ ನಿಷೇಧಿಸಿತ್ತು. ಷೇರುಗಳ ಮೇಲಿನ ನಿಷೇಧ 1995ರಲ್ಲಿ ಹೋಯ್ತು. ಎನ್‌ಎಸ್‌ಇಯಲ್ಲಿ ನಿಫ್ಟಿ ಆಪ್ಷನ್ಸ್ 2001ರ ಜೂನ್‌ನಲ್ಲಿ ಶುರುವಾಯ್ತು. ಸರಕುಗಳಿಗೆ ಮತ್ತೆ ಬಾಗಿಲು ತೆರೆದದ್ದು 2017ರಲ್ಲಿ. ಅದೇ ಹತ್ತಿ ಬಜಾರಿನ ಇನ್ನೊಂದು ಮಗು ಮಟಕಾ. ನ್ಯೂಯಾರ್ಕ್‌ನಿಂದ ಬರುತ್ತಿದ್ದ ಹತ್ತಿಯ ಓಪನಿಂಗ್ ಮತ್ತು ಕ್ಲೋಸಿಂಗ್ ದರದ ಮೇಲೆ ಕಟ್ಟುತ್ತಿದ್ದ ಬಾಜಿ ಅದು. ನಮ್ಮ ಹಳ್ಳಿಗಳ ಮಟಕಾ ಚೀಟಿಯ “ಓಪನ್, ಕ್ಲೋಸ್” ಮಾತಿನ ಬೇರು ಅಲ್ಲಿದೆ. ಒಂದೇ ಬಜಾರಿನಿಂದ ಒಂದು ಮಗು ವ್ಯಾಪಾರಕ್ಕೆ, ಒಂದು ಮಗು ಜೂಜಿಗೆ ಹೋಯ್ತು. ಮೊಬೈಲ್ ಪರದೆಯಲ್ಲಿ ಎರಡೂ ನೋಡೋಕೆ ಒಂದೇ ಥರ ಇರ್ತಾವೆ.

ಆಮೇಲೆ ಸಾವ್ಕಾರ್ರು ತಮ್ಮನ ಕಡೆ ತಿರುಗಿದರು. “ಬೆಳೆ ವಿಮೆ ಕಟ್ಟೀಯೇನಪಾ ಈ ಸಲ?”

“ಕಟ್ಟೀನಿ.”

“ಅದೂ ಮಂದಿನಾ. ಬೆಳೆ ಹೋದ್ರ ರೊಕ್ಕ ಬರತೈತಿ, ಬೆಳೆ ಬಂದ್ರ ಕಟ್ಟಿದ್ದು ಹೋತು. ವಿಮೆ ಕಟ್ಟಿ ಯಾರಾರ ಸಾವ್ಕಾರ ಆಗ್ಯಾರೇನು?”

ಮುಂಗಾರು ಬೆಳೆಗೆ ರೈತ ಕಟ್ಟುವ ಫಸಲ್ ಬಿಮಾ ಕಂತು ವಿಮಾ ಮೊತ್ತದ ಶೇ 2. ಅದು ಅಕ್ಷರಶಃ ಆಪ್ಷನ್ ಪ್ರೀಮಿಯಂ. ವರ್ಷಕ್ಕೊಮ್ಮೆ ಕಟ್ಟಿದರೆ ಅದು ಎಚ್ಚರಿಕೆ. ನಿಫ್ಟಿಯ ವಾರದ ಎಕ್ಸ್‌ಪೈರಿ ಈಗ ಮಂಗಳವಾರ. ಪ್ರತಿ ಮಂಗಳವಾರಕ್ಕೂ, ಹೊಲವೇ ಇಲ್ಲದೆ ಬೆಳೆ ವಿಮೆ ಕೊಳ್ಳುವವನ ಹಾಗೆ ಪ್ರೀಮಿಯಂ ಕಟ್ಟುತ್ತಾ ಹೋದರೆ ಅದನ್ನ ಏನಂತ ಕರೆಯೋದು? ಹಾಗಾದರೆ ವಿಮೆ ಮಾರೋಣ ಅಂತೀರಾ, ವಿಮಾ ಕಂಪನಿಗೆ ಬೇಕಾದಷ್ಟು ದೊಡ್ಡ ಗಂಟು ಬೇಕು. ಒಂದು ಲಾಟ್ ಮಾರೋಕೆ ಲಕ್ಷಗಳಲ್ಲಿ ಮಾರ್ಜಿನ್ ಇಡಬೇಕು, ಮಾರುಕಟ್ಟೆ ಒಂದೇ ದಿನ ಹುಚ್ಚೆದ್ದರೆ ಗಂಟೂ ಹೋಗುತ್ತೆ.

“ಮತ್ತ ಮೆಕ್ಕೆಜೋಳದ ಬೆಂಬಲ ಬೆಲೆ?” ತಮ್ಮ ಕೇಳಿದ. ಹುಡುಗ ಚುರುಕು ಅಂತ ನನಗೆ ಅನ್ನಿಸಿದ್ದು ಆಗಲೇ. “ಅದೂ ಮಂದಿನಾ ಆಗಬೇಕಲ್ರೀ? 2,400ಕ್ಕ ಮಾರೋ ಹಕ್ಕು.”

“ಹೌದು ತಮ್ಮಾ. ಆದ್ರ ಹಕ್ಕು ಕೊಟ್ಟಾತ ಬಜಾರಕ್ಕ ಬರಬೇಕಲ್ಲ!”

ಮೂವರೂ ನಕ್ಕೆವು. ನಗುವ ಮಾತಾಗಿರಲಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಎದುರಿನವನು ಓಡಿ ಹೋಗದ ಹಾಗೆ ಕ್ಲಿಯರಿಂಗ್ ಕಾರ್ಪೊರೇಷನ್ ಖಾತ್ರಿ ನಿಲ್ಲುತ್ತೆ. ರೈತನಿಗೆ ಕೊಟ್ಟ ಹಕ್ಕಿನ ಹಿಂದೆ ಖರೀದಿ ಕೇಂದ್ರದ ಬಾಗಿಲು ಬೇಕು, ಅದು ಹೊತ್ತಿಗೆ ತೆರೆಯಬೇಕು. ತಮ್ಮನಂಥ ಹುಡುಗರು ಟೆಲಿಗ್ರಾಮ್ ಮಠಕ್ಕೆ ಹೋಗೋದರಲ್ಲಿ ಆ ಮುಚ್ಚಿದ ಬಾಗಿಲ ಪಾಲೂ ಇದೆ. ಬೆಂಗಳೂರಿನಲ್ಲಿ ಕೂತು “ಹಳ್ಳಿ ಹುಡುಗರು ದುರಾಸೆಗೆ ಬಿದ್ದರು” ಅನ್ನುವ ನಮ್ಮ ಸ್ನೇಹಿತರಿಗೆ ಇದೊಂದು ಮಾತು ಹೇಳಬೇಕಿತ್ತು.

ಕೊನೆಗೆ ಲೆಕ್ಕಕ್ಕೆ ಬಂದೆವು. ಸಾವ್ಕಾರ್ರು ಒಂದು ನೋಟ್‌ಬುಕ್ ತರಿಸಿ ತಮ್ಮನ ಕೈಲೇ ಬರೆಸಿದರು. ನಾನು ಅಂಕಿ ಹೇಳಿದೆ.

ಆಗ ನಿಫ್ಟಿ 26,000ದ ಆಸುಪಾಸು, ಒಂದು ಲಾಟ್ ಅಂದರೆ 75. ಅಂದರೆ ಸುಮಾರು 19.5 ಲಕ್ಷದ ಸರಕು. ಪ್ರೀಮಿಯಂ 120 ರೂಪಾಯಿ ಅಂದುಕೊಂಡರೆ ಒಂದು ಲಾಟ್‌ಗೆ 9,000. ನನ್ನ ಹಿರಿಯರು ಹೇಳಿಕೊಟ್ಟ ನಿಯಮ ಒಂದೇ: ಒಂದು ಟ್ರೇಡ್‌ನಲ್ಲಿ ಬಂಡವಾಳದ ಶೇ 1ಕ್ಕಿಂತ ಹೆಚ್ಚು ಹೋಗಬಾರದು. ಒಂದೂವರೆ ಲಕ್ಷಕ್ಕೆ ಶೇ 1 ಅಂದರೆ 1,500. ಅದನ್ನ 75ರಿಂದ ಭಾಗಿಸಿದರೆ 20. ಪ್ರೀಮಿಯಂ 120ರಿಂದ 100ಕ್ಕೆ ಇಳಿದ ಕೂಡಲೇ ಹೊರಗೆ ಬರಬೇಕು. ಎಕ್ಸ್‌ಪೈರಿ ದಿನ ಆ ಇಪ್ಪತ್ತು ರೂಪಾಯಿ ಚಾ ಕುಡಿದು ಲೋಟ ಇಡುವಷ್ಟರಲ್ಲಿ ಹೋಗಿ ಬರುತ್ತೆ. ಸ್ವಲ್ಪ ಉಸಿರಾಡೋಕೆ 60 ರೂಪಾಯಿ ಜಾಗ ಬೇಕು ಅಂದರೆ ಅಪಾಯ 4,500. ಅದು ಶೇ 1 ಆಗಬೇಕಾದರೆ ಬಂಡವಾಳ ನಾಲ್ಕೂವರೆ ಲಕ್ಷ ಇರಬೇಕು.

ಇನ್ನು ಖರ್ಚು. ಕೊಳ್ಳೋಕೆ 20, ಮಾರೋಕೆ 20 ಬ್ರೋಕರೇಜ್. ಅದರ ಮೇಲೆ ಶೇ 18 ಜಿಎಸ್‌ಟಿ, ಮಾರುವಾಗ ಪ್ರೀಮಿಯಂ ಮೇಲೆ ಆಗ ಶೇ 0.1 ಇದ್ದ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ. ಎಲ್ಲಾ ಸೇರಿ ಒಂದು ಸಲ ಹೋಗಿ ಬರೋಕೆ ಅರವತ್ತು ರೂಪಾಯಿ ದಾಟುತ್ತೆ. ಸರ್ ಗುಂಪಿನಲ್ಲಿ ದಿನಕ್ಕೆ ಐದು ಟಿಪ್ಸ್. ತಿಂಗಳಿಗೆ ಇಪ್ಪತ್ತು ದಿನ, ನೂರು ಟ್ರೇಡ್. ಆರು ಸಾವಿರಕ್ಕೂ ಹೆಚ್ಚು. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಶೇ 4.

ಸಾವ್ಕಾರ್ರು ಕನ್ನಡಕ ತೆಗೆದು ಕೇಳಿದರು. “ಊರಾಗ ಬಡ್ಡಿ ಎಷ್ಟೈತಿ ಈಗ?”

“ನೂರಕ್ಕ ಮೂರು.”

“ಆತನ್ನ ಬಡ್ಡಿಬಕಾಸುರ ಅಂತೀರಿ. ಇಲ್ಲಿ ನಾಲ್ಕು ಕಟ್ಟಿ ಕುಂತ ಮ್ಯಾಲೆ ಲಾಭದ ಮಾತು.”

ತಮ್ಮ ಮಾತಾಡಲಿಲ್ಲ. ನೋಟ್‌ಬುಕ್ ಮಡಚಿ ಜೇಬಿಗಿಟ್ಟುಕೊಂಡ. ದಾರಿಯಲ್ಲಿ ಬರುವಾಗ ಬೈಕಿನ ಹಿಂದೆ ಕೂತು ಒಂದೇ ಮಾತು ಹೇಳಿದ: “ಮೂರು ತಿಂಗಳು ಬರೀತೀನಿ ಅಣ್ಣ. ಆಮ್ಯಾಲೆ ನನ್ನ ತಡೀಬ್ಯಾಡ.” ಒಪ್ಪಿದೆ. ಒಂದೇ ಷರತ್ತು ಹಾಕಿದೆ, ಅವ್ವನ ಸರ ಮೊದಲು ಮನೆಗೆ ಬರಬೇಕು.

ಇದನ್ನ ಓದುತ್ತಿರುವವರಲ್ಲಿ ಸಂಬಳ ಬರುವ ಕೆಲಸದವರೇ ಹೆಚ್ಚು. ನಿಮ್ಮ ಟೀಮಿನಲ್ಲೂ ಮಧ್ಯಾಹ್ನ ಊಟದ ಹೊತ್ತಿಗೆ ಆಪ್ಷನ್ ಚೈನ್ ತೆಗೆಯುವವರು ಇಬ್ಬರಾದರೂ ಇರ್ತಾರೆ. ಗುರು ಹುಡುಕೋ ಮನಸ್ಸಿದ್ದರೆ ನನಗೆ ತಿಳಿದದ್ದು ಇಷ್ಟು.

ದುಡ್ಡು ಪಡೆದು ಯಾವ ಷೇರು, ಯಾವ ಸ್ಟ್ರೈಕ್ ಅಂತ ಹೇಳುವವರು ಸೆಬಿಯಲ್ಲಿ ನೋಂದಾಯಿಸಿರಬೇಕು. ರಿಸರ್ಚ್ ಅನಲಿಸ್ಟ್ ಆದರೆ ನೋಂದಣಿ ಸಂಖ್ಯೆ ‘ಐಎನ್‌ಎಚ್’ ಅಂತ, ಹೂಡಿಕೆ ಸಲಹೆಗಾರರಾದರೆ ‘ಐಎನ್‌ಎ’ ಅಂತ ಶುರುವಾಗುತ್ತೆ. ಸೆಬಿಯ ಜಾಲತಾಣದಲ್ಲಿ ಹೆಸರು ಹಾಕಿ ನೋಡೋಕೆ ಎರಡು ನಿಮಿಷ ಸಾಕು. “ನಾವು ಸಲಹೆ ಕೊಡಲ್ಲ, ಬರೀ ಪಾಠ ಹೇಳ್ತೀವಿ” ಅನ್ನುವವರಿಗೂ 2025ರ ಜನವರಿಯಲ್ಲಿ ಸೆಬಿ ಗೆರೆ ಎಳೆದಿದೆ. ಇತ್ತೀಚಿನ ಬೆಲೆ ಇಟ್ಟುಕೊಂಡು ಇಂಥ ಷೇರು ಮುಂದೆ ಹೀಗಾಗುತ್ತೆ ಅಂತ ಸೂಚಿಸಿದರೆ ಅದು ಪಾಠದ ಲೆಕ್ಕಕ್ಕೆ ಬರಲ್ಲ. ಇಷ್ಟು ಲಾಭ ಖಾತ್ರಿ ಅಂತ ಬರೆದುಕೊಡುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಮೊದಲ ಪಾಠಕ್ಕೆ ಗುರುವೇ ಬೇಕಿಲ್ಲ. ಝೆರೋಧಾದ ವಾರ್ಸಿಟಿಯಲ್ಲಿ ಕಾರ್ತಿಕ್ ರಂಗಪ್ಪ ಬರೆದ ಆಪ್ಷನ್ಸ್ ಪಾಠಗಳು ಉಚಿತವಾಗಿವೆ. ಎನ್‌ಐಎಸ್‌ಎಂ ನಡೆಸುವ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆಯ ಪಠ್ಯ ಓದಿದರೆ ಇಪ್ಪತ್ತೈದು ಸಾವಿರದ ಕೋರ್ಸಿನ ಮುಕ್ಕಾಲು ಭಾಗ ಅದರಲ್ಲೇ ಸಿಗುತ್ತೆ. ಸಂಬಳದವರು ತಿಳಿದಿರಬೇಕಾದ ಇನ್ನೊಂದು ವಿಷಯ: ಆಪ್ಷನ್ಸ್ ಲಾಭ-ನಷ್ಟ ಆದಾಯ ತೆರಿಗೆಯಲ್ಲಿ ವ್ಯಾಪಾರದ ಆದಾಯ. ಒಂದೇ ಒಂದು ಟ್ರೇಡ್ ಮಾಡಿದರೂ ಸಾಮಾನ್ಯವಾಗಿ ಐಟಿಆರ್-3ರ ಕಡೆ ಹೋಗಬೇಕು. ಗಡುವಿನೊಳಗೆ ಸಲ್ಲಿಸಿದರೆ ನಷ್ಟವನ್ನ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಯಾವ ಟಿಪ್ಸ್ ಗುಂಪೂ ಇದನ್ನ ಹೇಳಿದ್ದು ನಾನು ನೋಡಿಲ್ಲ.

ಇಷ್ಟು ಓದಿ, ಎರಡು ತಿಂಗಳು ಕಾಗದದ ಮೇಲೆ ಬರೆದು, ಆ ಪುಸ್ತಕ ಕೈಯಲ್ಲಿ ಹಿಡಿದು ಗುರು ಹುಡುಕಿ. ತಿದ್ದೋಕೆ ಏನಾದರೂ ಇದ್ದರೆ ತಾನೇ ಗುರು ತಿದ್ದೋದು. ಬರೀ ಕೈಯಲ್ಲಿ ಹೋದವನಿಗೆ ಒಳ್ಳೆಯ ಗುರುವೂ ಟಿಪ್ಸ್ ಬಿಟ್ಟು ಬೇರೇನೂ ಕೊಡಲಾರ. ಸಿಕ್ಕಿದವರಿಗೆ ಒಂದೇ ಪ್ರಶ್ನೆ ಕೇಳಿ: “ನೀವು ಅತಿ ಹೆಚ್ಚು ಕಳ್ಕೊಂಡ ದಿನದ ಲೆಕ್ಕ ತೋರಿಸ್ತೀರಾ?” ಕೋಪ ಬಂದರೆ ದಾರಿ ಬೇರೆ. ಪುಸ್ತಕ ತೆಗೆದರೆ ಎದುರಿನ ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ. ಅವರು ನಿಮ್ಮ ಟ್ರೇಡಿನಿಂದ ದುಡ್ಡು ಮಾಡುವವರಾಗಿರಬಾರದು, ನೀವು ಟ್ರೇಡ್ ಮಾಡದೆ ಇದ್ದ ದಿನವೂ ಅವರಿಗೆ ಸಂತೋಷವಾಗಬೇಕು. ಅಂಥವರು ಷೇರುಪೇಟೆಯವರೇ ಆಗಿರಬೇಕು ಅಂತೇನೂ ಇಲ್ಲ.

ತಮ್ಮ ಪ್ರತಿ ಶನಿವಾರ ಕೊಟ್ಟೂರಿಗೆ ಹೋಗಿ ಸಾವ್ಕಾರ್ರಿಗೆ ಪುಸ್ತಕ ತೋರಿಸಿ, ಫೋಟೊ ತೆಗೆದು ನನಗೂ ಕಳಿಸ್ತಿದ್ದ. ಹನ್ನೊಂದು ವಾರ. ಇಪ್ಪತ್ತಾರು ಟ್ರೇಡ್. ಹನ್ನೊಂದರಲ್ಲಿ ಗೆದ್ದ, ಹದಿನೈದರಲ್ಲಿ ಸೋತ. ಖರ್ಚು ಸೇರಿ ಕಾಗದದ ಮೇಲೆ 21,350 ರೂಪಾಯಿ ನಷ್ಟ. ಅದರ ಕೆಳಗೆ ಸಾವ್ಕಾರ್ರು ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದರು, ಹಳೇ ಕಿರ್ದಿಯಲ್ಲಿ ಎಳೆಯುತ್ತಿದ್ದ ಹಾಗೆ. ಅವ್ವನ ಸರ ಸಂಕ್ರಾಂತಿಗೆ ಮೊದಲೇ ಮನೆಗೆ ಬಂದಿತ್ತು. ಇಪ್ಪತ್ತೈದು ಸಾವಿರ ಆ ಸರ್ ಕೈಗೆ ಹೋಗಲಿಲ್ಲ.

ಅವನ ಸಿಟ್ಟು ಪೂರ್ತಿ ಇಳಿದಿದೆ ಅಂತ ನಾನು ಹೇಳಲಾರೆ. ಏಣಿಯ ಮಾತನ್ನ ಅವನು ವಾಪಸ್ ತಗೊಂಡಿಲ್ಲ, ನಾನೂ ಕೇಳಿಲ್ಲ. ಸಂಬಳ ಬರುವ ನಾನು ಸೋತರೆ ಒಂದು ತಿಂಗಳು ಹೋಟೆಲ್ ಊಟ ಕಮ್ಮಿ ಮಾಡ್ತೀನಿ, ಅವನು ಸೋತರೆ ಮುಂದಿನ ಬೀಜ-ಗೊಬ್ಬರದ ದುಡ್ಡು ಹೋಗುತ್ತೆ. ಒಂದೇ ಲಾಟ್, ಎರಡು ಬೇರೆ ಬೆಲೆ. ಆ ವ್ಯತ್ಯಾಸ ಅನ್ಯಾಯವೇ. ಅದನ್ನ ಮಂಗಳವಾರದ ಎಕ್ಸ್‌ಪೈರಿ ಸರಿಮಾಡಲ್ಲ ಅನ್ನೋದಷ್ಟೇ ನನಗೆ ಖಾತ್ರಿ.

ಹನ್ನೆರಡನೇ ವಾರದ ಫೋಟೊ ಬಂತು. ಪುಟದ ಮೇಲೆ ತಾರೀಖು ಇತ್ತು, ಕೆಳಗೆಲ್ಲ ಖಾಲಿ. ಯಾಕೋ ಅಂತ ಕೇಳಿದೆ.

“ಈ ವಾರ ಬರೆಯೋವಂಥದ್ದು ಏನೂ ಕಾಣ್ಲಿಲ್ಲ ಅಣ್ಣ” ಅಂದ.